ಪುಸ್ತಕ ಮುಚ್ಚಿ ಹೇಳು: ಮುರಗೋಡದ ಮಕ್ಕಳ ಇಂಗ್ಲಿಷ್ ಓದು

ಬೆಳಗಾವಿ ಜಿಲ್ಲೆಯ ಮುರಗೋಡ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ. ಬೆಳಿಗ್ಗೆ ಹೊಲಮನೆಯ ಕೆಲಸಕ್ಕೆ ಕೈಜೋಡಿಸಿ, ಕೆಲವರು ನಡೆದು, ಕೆಲವರು ಬಸ್ಸು ಹಿಡಿದು ಬರುವ ಮಕ್ಕಳು ಇವರು. ಎಸ್ಸೆಸ್ಸೆಲ್ಸಿಯಲ್ಲಿ ಇವರಿಗೆ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಇಂಗ್ಲಿಷಿಗೆ ಬರವಣಿಗೆಯ ಪರೀಕ್ಷೆ 80 ಅಂಕ, ಶಾಲೆಯ ಆಂತರಿಕ ಮೌಲ್ಯಮಾಪನ 20. ಆ 80ರಲ್ಲಿ, ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಗದ್ಯಭಾಗ ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆಗೆ 4 ಅಂಕ.

‘ನಾಕ ಮಾರ್ಕಿನ ಸಲುವಾಗಿ ವರ್ಷಗಟ್ಟಲೆ ಯಾಕ ಇಷ್ಟ ಗುದ್ದಾಡ್ತೀರಿ ಸರ್?’ ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಪತ್ರಿಕೆಯ ಉಳಿದ ಪ್ರಶ್ನೆಗಳನ್ನೂ ಮಗು ಇಂಗ್ಲಿಷಿನಲ್ಲೇ ಓದಿ ತಿಳಿಯಬೇಕು. ಹತ್ತನೆಯದು ಪಾಸಾಗಿ ಬೈಲಹೊಂಗಲಕ್ಕೋ ಬೆಳಗಾವಿಗೋ ಧಾರವಾಡಕ್ಕೋ ಪಿಯುಸಿ ವಿಜ್ಞಾನಕ್ಕೆ ಹೋದ ದಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಪುಸ್ತಕಗಳು ಇಂಗ್ಲಿಷಿನಲ್ಲಿ ಎದುರು ನಿಲ್ಲುತ್ತವೆ. ಹತ್ತನೆಯದರಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿಯರು ಪಿಯುಸಿ ಮೊದಲ ಮೂರು ತಿಂಗಳಲ್ಲಿ ಕಣ್ಣೀರು ಹಾಕಿಕೊಂಡು ಶಾಲೆಗೆ ಮರಳಿ ಬಂದು ಕೂತದ್ದನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಒಂದು ಪುಟ ಇಂಗ್ಲಿಷನ್ನು ತಾವೊಬ್ಬರೇ ಓದಿ ತಿಳಿದುಕೊಂಡ ಅನುಭವ ಅವರಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. 2007–08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಷ್ಟು ವರ್ಷ ಕಲಿತೂ ಒಂದು ಪುಟವನ್ನು ಸ್ವಂತವಾಗಿ ಓದಿಲ್ಲ ಎಂದರೆ ಕಲಿಸುವ ರೀತಿಯನ್ನೇ ನೋಡಬೇಕಾಗುತ್ತದೆ. ತರಗತಿಯಲ್ಲಿ ನನಗೆ ಖಾತ್ರಿಯಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

1. ಗಟ್ಟಿಯಾಗಿ ಓದಿದರೆ ತಿಳಿಯಿತೆಂದು ನಂಬಬೇಡಿ

ಎಂಟನೆಯ ತರಗತಿಗೆ ಬರುವ ಬಹಳಷ್ಟು ಮಕ್ಕಳು ಇಂಗ್ಲಿಷ್ ಪಾಠವನ್ನು ತಡವರಿಸದೆ ಓದಬಲ್ಲರು. ಕೇಳಿದವರಿಗೆ ಸಂತೋಷವಾಗುತ್ತದೆ. ಓದಿ ಮುಗಿದ ಮೇಲೆ ‘ಏನ ಆತು ಇದರಾಗ?’ ಎಂದರೆ ಮಗು ಸುಮ್ಮನೆ ಮುಖ ನೋಡುತ್ತದೆ. ‘ಓದಾಕ ಬರ್ತೈತ್ರಿ ಸರ್, ತಿಳಿಯೂದಿಲ್ರಿ’ ಎಂದು ಧೈರ್ಯವಿದ್ದವರು ಹೇಳಿಯೂ ಬಿಡುತ್ತಾರೆ. ಅಕ್ಷರ ನೋಡಿ ಉಚ್ಚರಿಸುವುದಕ್ಕೇ ಗಮನವೆಲ್ಲ ಖರ್ಚಾದಾಗ ಅರ್ಥದ ಕಡೆ ತಿರುಗಲು ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ.

ಅರ್ಥವಾಯಿತೋ ಇಲ್ಲವೋ ನೋಡಲು ನನ್ನ ಬಳಿ ಇರುವುದು ಒಂದೇ ಉಪಾಯ. ಮೌನವಾಗಿ ಓದಲಿ, ಪುಸ್ತಕ ಮುಚ್ಚಲಿ, ಓದಿದ್ದನ್ನು ತಮ್ಮ ಮನೆಯ ಕನ್ನಡದಲ್ಲಿ ಹೇಳಲಿ. ಮೂರು ಮಾತು ಸಾಕು. ಗಟ್ಟಿಯಾಗಿ ಓದುವಾಗ ತೊದಲುವ ಮಕ್ಕಳು ಇಲ್ಲಿ ಎಷ್ಟೋ ಸಲ ಮುಂದೆ ಬರುತ್ತಾರೆ. ‘ದಡ್ಡ’ ಎಂದು ಹಿಂದಿನ ಬೆಂಚಿಗೆ ಕೂರಿಸಿದ ಹುಡುಗ ಕಥೆಯ ಹುರುಳನ್ನು ಸರಿಯಾಗಿ ಹಿಡಿದು ಹೇಳಿದಾಗ ಇಡೀ ತರಗತಿ ಅವನ ಕಡೆ ತಿರುಗಿ ನೋಡುತ್ತದೆ.

2. ಮಗು ಓದಬೇಕಾದರೆ ಮೇಷ್ಟ್ರು ಸುಮ್ಮನಿರಬೇಕು

ನಮ್ಮ ಕಡೆ ಇಂಗ್ಲಿಷ್ ಪಾಠ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಒಂದು ಸಾಲು ಇಂಗ್ಲಿಷ್, ಕೂಡಲೇ ಅದರ ಕನ್ನಡ. ಮತ್ತೊಂದು ಸಾಲು, ಮತ್ತೆ ಅದರ ಕನ್ನಡ. ಮಕ್ಕಳು ಕನ್ನಡವನ್ನು ಕೇಳಿಸಿಕೊಳ್ಳುತ್ತಾರೆ, ಕಥೆ ತಿಳಿಯುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಆ ಅವಧಿಯಲ್ಲಿ ಇಂಗ್ಲಿಷ್ ಓದಿದವರು ಮೇಷ್ಟ್ರು ಒಬ್ಬರೇ.

ಹತ್ತನೆಯ ತರಗತಿಯ ಪುಸ್ತಕದಲ್ಲಿ ಆರ್.ಕೆ. ನಾರಾಯಣರ ‘ಎ ಹೀರೋ’ ಇದೆ. ಹಳ್ಳಿಯ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಧೈರ್ಯವೇ ದೊಡ್ಡದು ಎಂದು ವಾದಿಸಿ, ಮಗ ಸ್ವಾಮಿಯನ್ನು ರಾತ್ರಿ ತನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾನೆ. ಹೆದರಿದ ಸ್ವಾಮಿ ಬೆಂಚಿನ ಕೆಳಗೆ ತೂರಿ ಮಲಗುತ್ತಾನೆ. ಕತ್ತಲಲ್ಲಿ ಏನೋ ಅಲ್ಲಾಡಿದಾಗ ಭೂತವೆಂದು ತಿಳಿದು ಅದರ ಕಾಲು ಕಚ್ಚುತ್ತಾನೆ. ಸಿಕ್ಕಿಬಿದ್ದವನು ಕಳ್ಳ. ಬೆಳಗಾಗುವುದರಲ್ಲಿ ಸ್ವಾಮಿ ಊರಿಗೆಲ್ಲ ಹೀರೋ.

ಈ ಪಾಠಕ್ಕೆ ನಾನು ಮೊದಲೇ ಕಥೆ ಹೇಳುವುದಿಲ್ಲ. ಕಥೆಗೆ ಬೇಕೇಬೇಕಾದ ಐದಾರು ಪದ ಹಲಗೆಯ ಮೇಲೆ ಬರೆಯುತ್ತೇನೆ, ಒಂದು ಪುಟ ಗುರುತು ಮಾಡಿ ‘ಓದ್ರಿ, ಯಾರೂ ಮಾತಾಡಬ್ಯಾಡ್ರಿ’ ಎನ್ನುತ್ತೇನೆ. ಮೊದಲ ಕೆಲವು ವಾರ ಈ ಹತ್ತು ನಿಮಿಷ ಬಹಳ ಕಷ್ಟದ್ದು. ಮಕ್ಕಳು ಕಿಟಕಿ ನೋಡುತ್ತಾರೆ, ಪಕ್ಕದವನನ್ನು ಕೇಳುತ್ತಾರೆ, ‘ಸರ್ ನೀವ ಹೇಳ್ರಲಾ’ ಎಂದು ಗೋಗರೆಯುತ್ತಾರೆ. ಆಗ ಬಾಯಿ ತೆರೆಯದೆ ಇರುವುದು ಮೇಷ್ಟ್ರಿಗೆ ದೊಡ್ಡ ಶಿಸ್ತು. ದೀಪಾವಳಿಯ ಹೊತ್ತಿಗೆ ಅದೇ ಮಕ್ಕಳು ನಾನು ಹೇಳುವ ಮೊದಲೇ ಮುಂದಿನ ಪುಟ ತಿರುವಿರುತ್ತಾರೆ.

ಓದಿಯಾದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಸ್ವಾಮಿ ಖರೇನ ಧೈರ್ಯವಂತ ಏನು? ತರಗತಿ ಎರಡು ಪಂಗಡವಾಗುತ್ತದೆ. ‘ಕಳ್ಳನ್ನ ಹಿಡದಾನಲ್ರಿ’ ಎಂದು ಒಂದು ಕಡೆ, ‘ಅಂವಾ ಅಂಜಿ ಕಚ್ಚಿದ್ರಿ’ ಎಂದು ಇನ್ನೊಂದು ಕಡೆ. ‘ಯಾವ ಸಾಲಿನಾಗ ಐತಿ, ತೋರಸ್ರಿ’ ಎಂದು ನಾನು ಹೇಳಿದಾಗ ಇಬ್ಬರೂ ಪುಸ್ತಕದೊಳಗೆ ತಲೆ ಹಾಕುತ್ತಾರೆ. ಪುಸ್ತಕವನ್ನು ಅಷ್ಟು ಆಸೆಯಿಂದ ಹುಡುಕಿದ್ದನ್ನು ಬೇರೆ ಯಾವ ಹೊತ್ತಿನಲ್ಲೂ ನಾನು ಕಂಡಿಲ್ಲ. ಹೊಡೆದಾಟದ ಭಯವಿಲ್ಲದ ಜಗಳ, ಪ್ರತಿ ಮಾತಿಗೂ ಪುಸ್ತಕದ ಸಾಕ್ಷಿ. ಇಂಗ್ಲಿಷ್ ಓದಿಗೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಗೊತ್ತಿಲ್ಲ.

3. ಕನ್ನಡದಲ್ಲಿ ಓದುವ ಚಟ ಹತ್ತಿಸಿ

ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಓದಿ ‘ಇದರ ಮುಖ್ಯ ಮಾತೇನು’ ಎಂದರೆ ಹೇಳಲಾಗದ ಮಗು ಇಂಗ್ಲಿಷಿನಲ್ಲಿ ಹೇಳುವುದು ಸಾಧ್ಯವಿಲ್ಲ. ಮುಖ್ಯವಾದದ್ದನ್ನು ಆರಿಸುವುದು, ಕಾರಣ ಯಾವುದು ಪರಿಣಾಮ ಯಾವುದು ಎಂದು ಬೇರ್ಪಡಿಸುವುದು, ಬರೆದವನು ಹೇಳದೆ ಬಿಟ್ಟದ್ದನ್ನು ಊಹಿಸುವುದು ಇವೆಲ್ಲ ಯಾವ ಭಾಷೆಯಲ್ಲಿ ಕಲಿತರೂ ಇನ್ನೊಂದಕ್ಕೆ ಸಾಗಿಬರುತ್ತವೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮುಂದಿಟ್ಟ ವಾದ ಇದೇ. ಆದ್ದರಿಂದ ಇಂಗ್ಲಿಷ್ ಸುಧಾರಿಸಲೆಂದು ಮನೆಯಲ್ಲಿ ಕನ್ನಡ ಓದು ಬಿಡಿಸುವ ಪಾಲಕರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ.

4. ಕಷ್ಟದ ಒಂದು ಪುಟಕ್ಕಿಂತ ಸುಲಭದ ಇಪ್ಪತ್ತು ಪುಟ ಮೇಲು

ಮಾರ್ಸೆಲಾ ಹೂ ಮತ್ತು ನ್ಯೂಜಿಲೆಂಡಿನ ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕಥೆಯನ್ನು ಯಾರ ನೆರವೂ ಇಲ್ಲದೆ ಚೆನ್ನಾಗಿ ತಿಳಿಯಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಪದ ಓದುಗನಿಗೆ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ. ನಮ್ಮ ಒಂಬತ್ತನೆಯ ತರಗತಿಯ ಮಗುವಿನ ಕೈಗೆ ಅದರದೇ ಪಠ್ಯಪುಸ್ತಕ ಕೊಟ್ಟು ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಲು ಹೇಳಿ ನೋಡಿ. ಸಾಲಿಗೊಂದು, ಕೆಲವು ಕಡೆ ಸಾಲಿಗೆರಡು ಗೆರೆ ಬೀಳುತ್ತವೆ. ಆ ಮಗು ಓದುತ್ತಿಲ್ಲ, ಒಗಟು ಬಿಡಿಸುತ್ತಿದೆ.

ಇದು ಹೊಸ ಶೋಧವೇನಲ್ಲ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ 1920ರ ದಶಕದಲ್ಲಿ ಢಾಕಾದಲ್ಲಿದ್ದುಕೊಂಡು ಬಂಗಾಳಿ ಮಕ್ಕಳಿಗಾಗಿ ಇದೇ ಯೋಚನೆ ಮಾಡಿದ. ಹೆಚ್ಚು ಬಳಕೆಯ ಪದಗಳನ್ನಷ್ಟೇ ಆರಿಸಿ, ಕಥೆಗಳನ್ನು ಆ ಪದಗಳಲ್ಲೇ ತಿರುಗಿ ಬರೆದು ವಾಚಕಗಳನ್ನು ಮಾಡಿದ. 1953ರಲ್ಲಿ ಅವನು ಹೊರತಂದ ಸುಮಾರು 2,000 ಪದಗಳ ಪಟ್ಟಿ ಇಂದಿಗೂ ಶಿಕ್ಷಕರಿಗೆ ಉಪಯೋಗದ್ದು. ಆ ಪದಗಳು ಕೈವಶವಾದ ಮಗು ಎಸ್ಸೆಸ್ಸೆಲ್ಸಿಯ ಗದ್ಯಭಾಗಕ್ಕೆ ಅಂಜಬೇಕಿಲ್ಲ.

ಹಾಗಾಗಿ ನನ್ನ ತರಗತಿಯಲ್ಲಿ ಹತ್ತನೆಯವರು ಐದನೆಯವರ ಇಂಗ್ಲಿಷ್ ಪುಸ್ತಕ ಓದುತ್ತಾರೆ. ಮೊದಲಿಗೆ ಅವಮಾನವೆನಿಸುತ್ತದೆ. ‘ಸಣ್ಣ ಹುಡುಗರ ಪುಸ್ತಕರೀ ಇದು’ ಎನ್ನುತ್ತಾರೆ. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಓದಿ ಮುಗಿಸಿದ ಮೇಲೆ ಆ ಮಾತು ಯಾರೂ ಆಡುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಹಂತ ಹಂತವಾಗಿ ವಿಂಗಡಿಸಿ ಸಿಗುತ್ತವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ, ದುಡ್ಡಿಲ್ಲ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಕನ್ನಡದಲ್ಲಿ ಇವತ್ತು, ಇಂಗ್ಲಿಷಿನಲ್ಲಿ ನಾಳೆ. ಕಥೆ ಮೊದಲೇ ಗೊತ್ತಿರುವುದರಿಂದ ಪದದ ಅರ್ಥವನ್ನು ಮಗುವೇ ಊಹಿಸುತ್ತದೆ, ಆ ಊಹೆ ಬಹುಪಾಲು ಸರಿಯಾಗಿರುತ್ತದೆ.

ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಸಿಕ್ಕಾಗಲೆಲ್ಲ ಒಂದು ಬೆರಳು ಮಡಚಿ. ಐದೂ ಬೆರಳು ಮಡಚಿತೆಂದರೆ ಆ ಪುಸ್ತಕ ಬದಿಗಿಟ್ಟು ಇನ್ನೊಂದು ತೆಗೆದುಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ.

5. ದೊಡ್ಡ ಪದ ಬಿಡಿ, ಸಣ್ಣ ಪದ ಹಿಡಿಯಿರಿ

ಮಕ್ಕಳು ಉದ್ದನೆಯ ಪದ ಕಂಡರೆ ಹೆದರುತ್ತಾರೆ, ನಿಘಂಟು ತೆಗೆಯುತ್ತಾರೆ. ಉತ್ತರ ತಪ್ಪುವುದು ಮಾತ್ರ ಹೆಚ್ಚಾಗಿ ಅವರಿಗೆ ಗೊತ್ತಿದೆ ಎನಿಸಿದ ಸಣ್ಣ ಪದಗಳಲ್ಲಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತರಗತಿಯ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಹುಟ್ಟುತ್ತವೆ.

ಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತೇನೆ: ದಿ ಫಾರ್ಮರ್ ಹೂ ಸೋಲ್ಡ್ ಹಿಸ್ ಬುಲಕ್ಸ್ ಟು ದಿ ಟೀಚರ್ ಬಾಟ್ ಎ ಮೋಟರ್‌ಸೈಕಲ್. ಮೋಟರ್‌ಸೈಕಲ್ ಕೊಂಡವರು ಯಾರು? ಬಹಳ ಮಕ್ಕಳು ‘ಟೀಚರ್’ ಎನ್ನುತ್ತಾರೆ. ಈ ವಾಕ್ಯದಲ್ಲಿ ಅವರಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಕೊಂಡ ಎನ್ನುವ ಕ್ರಿಯಾಪದದ ಪಕ್ಕದಲ್ಲಿ ಟೀಚರ್ ಕೂತಿರುವುದರಿಂದ ಅವರೇ ಕೊಂಡರು ಎಂದು ಮಗು ತೀರ್ಮಾನಿಸುತ್ತದೆ. ಕನ್ನಡದಲ್ಲಿ ನಾವು ‘ಶಿಕ್ಷಕರಿಗೆ ಎತ್ತು ಮಾರಿದ ರೈತ’ ಎನ್ನುತ್ತೇವೆ. ರೈತನ ವಿವರವೆಲ್ಲ ಮೊದಲು ಬಂದು ಕೊನೆಗೆ ರೈತ ಬರುತ್ತಾನೆ, ಅವನ ಬೆನ್ನಿಗೇ ಅವನ ಕೆಲಸ. ಇಂಗ್ಲಿಷಿನಲ್ಲಿ ರೈತ ಮೊದಲೇ ಬಂದುಬಿಡುತ್ತಾನೆ, ವಿವರ ಅವನ ಹಿಂದೆ ಬಾಲದಂತೆ ಬೆಳೆಯುತ್ತದೆ, ಅವನ ಕೆಲಸ ಆ ಬಾಲದ ಆಚೆ ಇರುತ್ತದೆ. ಈ ತಿರುವನ್ನು ಮಕ್ಕಳಿಗೆ ಬಿಡಿಸಿ ತೋರಿಸದೆ ವ್ಯಾಕರಣದ ಹೆಸರು ಹೇಳಿಸಿದರೆ ಏನೂ ಆಗುವುದಿಲ್ಲ. ‘ಹೂ’, ‘ವಿಚ್’, ‘ದ್ಯಾಟ್’ ಕಂಡಲ್ಲಿ ಪೆನ್ಸಿಲಿನಿಂದ ಕಂಸ ಹಾಕಿಸುತ್ತೇನೆ, ಕಂಸದೊಳಗಿನದನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದಿಸುತ್ತೇನೆ. ರೈತ ಮೋಟರ್‌ಸೈಕಲ್ ಕೊಂಡ. ಅಷ್ಟೇ. ಆಮೇಲೆ ಕೈ ತೆಗೆದರೆ ಯಾವ ರೈತ ಎಂಬುದೂ ತಿಳಿಯುತ್ತದೆ.

ಎರಡನೆಯ ಕೆಲಸ ಬಾಣ ಎಳೆಯುವುದು. ‘ಇಟ್’, ‘ದೆ’, ‘ದಿಸ್’, ‘ಹಿಮ್’ ಬಂದಾಗಲೆಲ್ಲ ಅದು ಯಾರಿಗೆ ಅಥವಾ ಯಾವುದಕ್ಕೆ ಸೇರಿದ್ದು ಎಂದು ಹಿಂದಕ್ಕೆ ಬಾಣದ ಗುರುತು ಹಾಕಬೇಕು. ಪಠ್ಯದಲ್ಲಿರುವ ವಿ.ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’ ಪದ್ಯ ಇದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಧಾರವಾಡದಲ್ಲೂ ಆಕ್ಸ್‌ಫರ್ಡಿನಲ್ಲೂ ಓದಿ, ಕನ್ನಡಕ್ಕೆ ಜ್ಞಾನಪೀಠ ತಂದ ಕವಿ ಇಂಗ್ಲಿಷಿನಲ್ಲೂ ಬರೆದರು ಎಂಬುದೇ ನಮ್ಮ ಮಕ್ಕಳಿಗೆ ಒಂದು ಬಲ. ಆ ಪದ್ಯದಲ್ಲಿ ಕವಿ ಮಾತಾಡುತ್ತಾನೆ, ತಾಯಿ ಭಾರತಿಯೂ ಮಾತಾಡುತ್ತಾಳೆ. ಯಾವ ಮಾತು ಯಾರದು ಎಂದು ಬಾಣ ಎಳೆಯದೆ ಓದಿದ ಮಗುವಿಗೆ ಪದ್ಯ ಬಾಯಿಪಾಠ ಬರಬಹುದು, ತಾಯಿ ಮಗನ ಮಾತನ್ನು ಏಕೆ ಒಪ್ಪಲಿಲ್ಲ ಎಂಬುದು ತಿಳಿಯುವುದಿಲ್ಲ. ಹಾಡಬೇಕಾದದ್ದು ಹಿಮಾಲಯವನ್ನೋ ಭಿಕ್ಷುಕನನ್ನೋ ಎಂಬ ಪ್ರಶ್ನೆಯೇ ಆ ಪದ್ಯದ ಜೀವ.

ಮೂರನೆಯದು, ಮಾತಿನ ದಿಕ್ಕನ್ನೇ ತಿರುಗಿಸುವ ಪದಗಳು: ‘ಬಟ್’, ‘ದೋ’, ‘ಅನ್‌ಲೆಸ್’, ‘ಅಂಟಿಲ್’, ‘ಹಾರ್ಡ್ಲಿ’, ‘ವಿದೌಟ್’. ಕೆಲವು ಔಷಧಿಗಳ ಚೀಟಿಯ ಮೇಲೆ ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು ‘ನಾಟ್’ ಹಾಗೂ ‘ವಿದೌಟ್’ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿರುತ್ತಾರೆ. ಎರಡು ‘ಇಲ್ಲ’ಗಳನ್ನು ಕೂಡಿಸಿ ಮಗು ಯಾವ ತೀರ್ಮಾನಕ್ಕೆ ಬರುತ್ತದೆ ಎಂದು ಕೇಳಿ ನೋಡಿ. ಇಂಥ ಹತ್ತು ಹನ್ನೆರಡು ಪದಗಳ ಮೇಲೆ ನಾನು ಒಂದು ತಿಂಗಳು ಕಳೆಯುತ್ತೇನೆ. ಆ ತಿಂಗಳು ಹಾಳಾಯಿತೆಂದು ಒಮ್ಮೆಯೂ ಅನಿಸಿಲ್ಲ.

6. ಸಾಲು ಎತ್ತಿ ಬರೆಯುವುದನ್ನು ಬಿಡಿಸಬೇಕು

ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯಭಾಗದಲ್ಲಿ ಹುಡುಕುವುದು, ಆ ಪದವಿರುವ ಸಾಲನ್ನು ಹಾಗೇ ಇಳಿಸುವುದು. ಮಕ್ಕಳಿಗೆ ಇದನ್ನು ಕಲಿಸಿದವರು ನಾವು ದೊಡ್ಡವರೇ, ಏಕೆಂದರೆ ಕೆಲವೊಮ್ಮೆ ಇದರಿಂದ ಅಂಕ ಬರುತ್ತದೆ. ಅರ್ಥವಾಗದೆ ಬಂದ ಆ ಅಂಕ ಮಗುವಿನ ಕಣ್ಣಿಗೆ ಮಣ್ಣೆರಚುತ್ತದೆ.

ಇದನ್ನು ಬಿಡಿಸಲು, ಪಾಠದಲ್ಲಿ ಇಲ್ಲದ ಪದಗಳಿಂದ ಪ್ರಶ್ನೆ ಕೇಳಬೇಕು. ‘ಜೆಂಟಲ್‌ಮನ್ ಆಫ್ ರಿಯೋ ಎನ್ ಮೇದಿಯೋ’ ಎಂಬ ಪಾಠದಲ್ಲಿ ಡಾನ್ ಅನ್ಸೆಲ್ಮೊ ಎಂಬ ಮುದುಕ ತನ್ನ ಹಳೆಯ ಜಮೀನನ್ನು ಅಮೆರಿಕನ್ನರಿಗೆ ಮಾರುತ್ತಾನೆ. ಅಳೆದು ನೋಡಿದಾಗ ಜಮೀನು ಹೇಳಿದ್ದಕ್ಕಿಂತ ಹೆಚ್ಚಿದೆ ಎಂದು ತಿಳಿದು ಅವರು ಹೆಚ್ಚಿನ ಹಣ ಕೊಡಲು ಬಂದರೆ ಮುದುಕ ತೆಗೆದುಕೊಳ್ಳುವುದಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಆಮೇಲೆ ಊರ ಮಕ್ಕಳೆಲ್ಲ ಆ ತೋಟದಲ್ಲಿ ಆಡುತ್ತಾರೆ, ಹೊಸ ಮಾಲೀಕರಿಗೆ ತೊಂದರೆ. ಆಗ ಮುದುಕ ಹೇಳುತ್ತಾನೆ: ಜಮೀನು ಮಾರಿದ್ದೇನೆ, ಮರಗಳನ್ನು ಮಾರಿಲ್ಲ. ಊರಿನಲ್ಲಿ ಮಗು ಹುಟ್ಟಿದಾಗಲೆಲ್ಲ ಆ ಮಗುವಿನ ಹೆಸರಿನಲ್ಲಿ ಒಂದು ಮರ ನೆಟ್ಟವನು ಅವನು, ಮರಗಳು ಆ ಮಕ್ಕಳವು.

ನನ್ನ ಪ್ರಶ್ನೆ: ‘ಮುದುಕಗ ರೊಕ್ಕದ ಆಸೆ ಇತ್ತೇನು? ಇರಲಿಲ್ಲಂತ ಹೆಂಗ ಹೇಳ್ತಿ?’ ಈ ಉತ್ತರ ಯಾವ ಒಂದು ಸಾಲಿನಲ್ಲೂ ಸಿಗುವುದಿಲ್ಲ. ಎರಡು ಮೂರು ಕಡೆಯಿಂದ ಆರಿಸಿ ಮಗು ತಾನೇ ಕಟ್ಟಬೇಕು. ಜಮೀನು ಮಾರಿದವರ, ಕೊಂಡವರ, ಬದುವಿನ ಮರಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿದವರ ಕಥೆ ನಮ್ಮ ಮಕ್ಕಳಿಗೆ ಮನೆಯಲ್ಲೇ ಗೊತ್ತು. ಅಮೆರಿಕದ ನ್ಯೂ ಮೆಕ್ಸಿಕೋದ ಈ ಮುದುಕನನ್ನು ಅವರು ಬಹಳ ಬೇಗ ತಮ್ಮ ಓಣಿಯವನನ್ನಾಗಿ ಮಾಡಿಕೊಳ್ಳುತ್ತಾರೆ. ಒಬ್ಬ ಹುಡುಗಿ ‘ನಮ್ಮ ಮುತ್ತ್ಯಾನೂ ಹುಣಸಿ ಗಿಡ ಬಿಟ್ಟು ಹೊಲ ಮಾರ್ಯಾನ್ರಿ’ ಎಂದಳು. ಆ ಪಾಠದ ಉತ್ತರವನ್ನು ಅವಳಿಗೆ ಯಾರೂ ಬರೆಸಬೇಕಾಗಲಿಲ್ಲ.

7. ಗೈಡು

ಡಿಸೆಂಬರ್‌ವರೆಗೆ ಮುಟ್ಟಬೇಡಿ. ಗೈಡಿನಲ್ಲಿರುವುದು ಇನ್ನೊಬ್ಬರು ಓದಿದ್ದು.

8. ಹೊಲದಲ್ಲಿರುವ ಇಂಗ್ಲಿಷ್ ಓದಿ

ನಮ್ಮ ಕಡೆ ಹತ್ತಿ, ಸೋಯಾ, ಕಬ್ಬು, ಕಡಲೆ ಬೆಳೆಯುವ ಮನೆಗಳಲ್ಲೆಲ್ಲ ಎಣ್ಣಿ ಹೊಡೆಯುವ ಡಬ್ಬಿ ಇದ್ದೇ ಇರುತ್ತದೆ. ಡಬ್ಬಿಯನ್ನು ಮುಟ್ಟದೆ, ಮೇಲಿನ ಚೀಟಿಯಲ್ಲಿ ಏನಿದೆ ಎಂದು ದೊಡ್ಡವರ ಎದುರಿನಲ್ಲಿ ನೋಡಿ ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳುತ್ತೇನೆ. ಭಾರತದಲ್ಲಿ ಕೀಟನಾಶಕದ ಚೀಟಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರಲೇಬೇಕು. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ತೀವ್ರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಕೆಂಪು ಹಳದಿಗಳಿಗೆ ಮೇಲೆ ‘ಪಾಯ್ಸನ್’ ಎಂದಿರುತ್ತದೆ, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’. ಅದರ ಜೊತೆ ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಂಬ ಸಣ್ಣ ಅಕ್ಷರದ ಬರಹ.

ಇದನ್ನು ಓದಿ ತಿಳಿದ ಮಗು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತದೆ. ಅಪ್ಪ ಮಗಳ ಇಂಗ್ಲಿಷಿಗೆ ಆ ದಿನ ಬೆಲೆ ಕೊಡುತ್ತಾನೆ. ‘ಬಿಫೋರ್’ ಮತ್ತು ‘ಆಫ್ಟರ್’ ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ಇಷ್ಟು ಗಂಭೀರವಾಗಿ ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಮುಂದೆ ಹೋಗಬಲ್ಲ ಮಕ್ಕಳಿಗೆ ಇನ್ನೊಂದು ಸಾಮಗ್ರಿ ಇದೆ. ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ 21ನೆಯ ಸಂಪುಟ ಬೆಳಗಾವಿ ಜಿಲ್ಲೆಯದು, 1884ರಲ್ಲಿ ಬಂದದ್ದು. ಆಗ ಸವದತ್ತಿಯ ಸೀಮೆಗೆ ಪರಸಗಡ ತಾಲ್ಲೂಕೆಂದು ಹೆಸರು, ಬೈಲಹೊಂಗಲ ಸಂಪಗಾವ ತಾಲ್ಲೂಕಿನಲ್ಲಿತ್ತು. ಸವದತ್ತಿ, ಎಲ್ಲಮ್ಮನ ಗುಡ್ಡ, ಕಿತ್ತೂರುಗಳ ವರ್ಣನೆಯ ನಾಲ್ಕು ನಾಲ್ಕು ಸಾಲು ಬರೆದು ಕೊಡುತ್ತೇನೆ. ಭಾಷೆ ಹಳೆಯದು, ಕಷ್ಟದ್ದು. ಆದರೆ ಗುಡ್ಡ, ಹೊಳೆ, ಕೋಟೆ ಎಲ್ಲ ಮಗು ಕಣ್ಣಾರೆ ಕಂಡದ್ದು. ಗೊತ್ತಿರುವ ಜಾಗದ ವಿಷಯವಾದರೆ ಗೊತ್ತಿಲ್ಲದ ಪದಗಳ ನಡುವೆಯೂ ಮಕ್ಕಳು ಧೈರ್ಯಗೆಡದೆ ನಡೆಯುತ್ತಾರೆ. ‘ಇದು ತಪ್ಪ ಬರದಾರ್ರಿ, ಹಿಂಗಿಲ್ಲ’ ಎಂದು ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ಪುಸ್ತಕವನ್ನು ಪ್ರಶ್ನಿಸುವ ಹುಡುಗನಿಗೆ ಓದು ಒಲಿದಿದೆ ಎಂದೇ ನನ್ನ ಲೆಕ್ಕ.

9. ಚೀನಾದ ಮಕ್ಕಳಿಂದ ಪಡೆದ ಒಂದು ಅಭ್ಯಾಸ

ನಮ್ಮಂತೆಯೇ ಇಂಗ್ಲಿಷಿಗಿಂತ ತೀರ ಬೇರೆಯಾದ ಲಿಪಿಯಲ್ಲಿ, ಭಾಷೆಯಲ್ಲಿ ಬೆಳೆದ ಚೀನಾದ ಪ್ರೌಢಶಾಲೆಯ ಮಕ್ಕಳು ಇಂಗ್ಲಿಷ್ ಓದಿನ ಮೇಲೆ ಬಹಳ ದುಡಿಯುತ್ತಾರೆ. ಪ್ರತಿ ವರ್ಷ ಜೂನ್ 7ರಂದು ಶುರುವಾಗುವ ‘ಗಾವೊಕಾವೊ’ ಎಂಬ ಅವರ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ, ಅದರಲ್ಲಿ ಓದಿ ತಿಳಿಯುವ ಭಾಗಕ್ಕೆ ದೊಡ್ಡ ಪಾಲು. ಅಲ್ಲಿನ ಒಂದು ಬಗೆಯ ಪ್ರಶ್ನೆ ನನಗೆ ತುಂಬ ಹಿಡಿಸಿತು. ಗದ್ಯಭಾಗದಿಂದ ಐದು ವಾಕ್ಯ ತೆಗೆದು ಜಾಗ ಖಾಲಿ ಬಿಟ್ಟಿರುತ್ತಾರೆ. ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ. ಸರಿಯಾದ ಐದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು, ಎರಡು ಹೆಚ್ಚಿನವು.

ನಾನು ಇದನ್ನು ನಮ್ಮ ಅಳತೆಗೆ ಇಳಿಸಿದ್ದೇನೆ. ಗೊತ್ತಿರುವ ಪಾಠದ ಒಂದು ಪ್ಯಾರಾ, ಎರಡು ಖಾಲಿ ಜಾಗ, ಚೀಟಿಯಲ್ಲಿ ಬರೆದ ಮೂರು ವಾಕ್ಯ. ಗುಂಪಿನಲ್ಲಿ ಕೂತು ಚೀಟಿ ಸರಿಸಿ ನೋಡುತ್ತಾರೆ. ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಕೊಂಡಿ ಎಲ್ಲಿದೆ ಎಂದು ಹುಡುಕದೆ ಈ ಕೆಲಸ ಆಗುವುದೇ ಇಲ್ಲ. ಸಾಲು ಎತ್ತಿ ಬರೆಯುವವರಿಗೆ ಇಲ್ಲಿ ಎತ್ತಲು ಏನೂ ಸಿಗುವುದಿಲ್ಲ. ಆದರೆ ಆ ದೇಶದ ಮಕ್ಕಳಂತೆ ದಿನಕ್ಕೆ ಹಲವು ಗದ್ಯಭಾಗಗಳನ್ನು ಗಡಿಯಾರ ಇಟ್ಟು ಬಿಡಿಸುವ ತಾಲೀಮನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಓದಿನ ರುಚಿ. ವೇಗ ಅದರ ಹಿಂದೆ ಬರುತ್ತದೆ.

10. ಪರೀಕ್ಷೆಯ ದಿನ

ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಬಹಳ ಮಕ್ಕಳು ಆ ಹೊತ್ತಿನಲ್ಲಿ ಗೊತ್ತಿರುವ ಪ್ರಶ್ನೆ ಹುಡುಕಿ ಖುಷಿಪಡುತ್ತಾರೆ. ನನ್ನ ಮಕ್ಕಳಿಗೆ ನಾನು ಹೇಳುವುದು: ಮೊದಲು ಗದ್ಯಭಾಗಕ್ಕೆ ಹೋಗಿ, ಪೂರ್ತಿ ಒಮ್ಮೆ ಓದಿ, ಆಮೇಲೆ ಪ್ರಶ್ನೆ ನೋಡಿ, ಮತ್ತೆ ಒಮ್ಮೆ ಓದಿ. ಪ್ರಶ್ನೆ ಮೊದಲು ನೋಡಿ ಎನ್ನುವವರೂ ಇದ್ದಾರೆ. ಚೆನ್ನಾಗಿ ಓದಬಲ್ಲವರಿಗೆ ಅದು ಸರಿ. ನಮ್ಮ ಮಕ್ಕಳು ಪ್ರಶ್ನೆ ಮೊದಲು ನೋಡಿದರೆ ಪದ ಹುಡುಕುವ ಹಳೆಯ ಚಟಕ್ಕೇ ಮರಳುತ್ತಾರೆ. ಉತ್ತರ ಚಿಕ್ಕದಾಗಿರಲಿ, ಸ್ವಂತ ವಾಕ್ಯವಾಗಿರಲಿ. ‘ವೈ’ ಎಂದು ಕೇಳಿದ್ದರೆ ಕಾರಣ ಬರೆದಿದ್ದೀರಾ ಎಂದು ಕೊನೆಗೆ ಒಮ್ಮೆ ನೋಡಿಕೊಳ್ಳಿ.

11. ಊರಿನವರಿಗೆ ಒಂದು ಮಾತು

ಶಾಲೆಯ ಅವಧಿ ಸಾಲದು. ಓದು ಕುದುರಬೇಕಾದರೆ ಮಗು ಶಾಲೆಯ ಹೊರಗೂ ದಿನಕ್ಕೆ ಇಪ್ಪತ್ತು ನಿಮಿಷ ಓದಬೇಕು, ಓದಲು ಏನಾದರೂ ಕೈಗೆ ಸಿಗಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ನಿಮ್ಮ ಮಗುವಿನ ಹೆಸರು ಅಲ್ಲಿದೆಯೇ, ಅಲ್ಲಿ ಮಕ್ಕಳು ಓದಬಹುದಾದ ಸುಲಭ ಇಂಗ್ಲಿಷ್ ಪುಸ್ತಕ ಇವೆಯೇ ಎಂದು ಹೋಗಿ ಕೇಳಿ. ಇಲ್ಲದಿದ್ದರೆ ಪಂಚಾಯಿತಿಗೆ ಬರೆದು ಕೊಡಿ.

ಮುರಗೋಡದಲ್ಲಿ ಓದಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು ಬಹಳ ಜನ ಇದ್ದೀರಿ. ಊರಿಗೆ ಬಂದಾಗ ಶಾಲೆಗೆ ಏನಾದರೂ ಕೊಡಬೇಕು ಎಂದು ಕೇಳುತ್ತೀರಿ. ಹೆಸರು ಕೆತ್ತಿಸಿದ ಗಡಿಯಾರ, ಕುರ್ಚಿ, ಫಲಕ ಸಾಕಷ್ಟು ಬಂದಿವೆ. ನಿಮ್ಮ ಶಾಲೆಗೆ ಒಂದು ಇಂಗ್ಲಿಷ್ ಪತ್ರಿಕೆಯ ವರ್ಷದ ಚಂದಾ ಕಟ್ಟಿ, ಸಣ್ಣ ಮಕ್ಕಳ ಇಂಗ್ಲಿಷ್ ಕಥೆಪುಸ್ತಕಗಳ ಒಂದು ಪೆಟ್ಟಿಗೆ ಕಳಿಸಿ. ಪರೀಕ್ಷೆ ಹತ್ತಿರ ಬಂದ ಜನವರಿಯಲ್ಲಿ ಅಲ್ಲ, ಶಾಲೆ ತೆರೆಯುವ ಜೂನ್ ಹೊತ್ತಿಗೇ ಕಳಿಸಿ.